ಸ್ಟೇರಿಂಗಕ್ಕನ ಕಿವಿ

ಸ್ಟೇರಿಂಗಕ್ಕನ ಎದುರಿಗೆ ಗಾಡಿ ಓಡಿಸುವ ವಿಷಯ ಎತ್ತಬಾರದು. ಎತ್ತಿದಿರೋ, ಆ ಹೊತ್ತಿನ ನಿಮ್ಮ ಬೇರೆ ಕೆಲಸಗಳಿಗೆಲ್ಲ ಎಳ್ಳುನೀರು ಬಿಟ್ಟ ಹಾಗೆಯೇ. ಆಸ್ಪತ್ರೆಯ ಗಾಡಿಗಳ ಶೆಡ್ಡಿನಲ್ಲಿ ಆಕೆಯೊಬ್ಬಳೇ ಹೆಂಗಸು. ಉಳಿದ ಡ್ರೈವರುಗಳೆಲ್ಲ ಗಂಡಸರು, ಮತ್ತು ಆ ಗಂಡಸರಲ್ಲಿ ಒಬ್ಬನಿಗಾದರೂ ಕ್ಲಚ್ಚಿನ ಮೇಲೆ ಮರ್ಯಾದೆಯಾಗಿ ಕಾಲಿಡಲು ಬರುವುದಿಲ್ಲ ಎಂಬುದು ಆಕೆಯ ಖಚಿತ ಅಭಿಪ್ರಾಯ. ಅಭಿಪ್ರಾಯವನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುವ ಜಾಯಮಾನ ಆಕೆಯದಲ್ಲ. ಹಾಗಾಗಿ ಶೆಡ್ಡಿನ ಗಂಡಸರಿಗೆಲ್ಲ ತಮ್ಮ ತಮ್ಮ ಯೋಗ್ಯತೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಆಕೆಯ ಕೆಲಸ ಇಷ್ಟು. ಮೂತ್ರಪಿಂಡ ಕೈಕೊಟ್ಟವರನ್ನು ಬೆಳಿಗ್ಗೆ ಅವರವರ ಮನೆಬಾಗಿಲಿನಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ತರುವುದು, ಡಯಾಲಿಸಿಸ್ ಮುಗಿದ ಮೇಲೆ ಮಧ್ಯಾಹ್ನ ಮತ್ತೆ ಮನೆಬಾಗಿಲಿಗೆ ಮುಟ್ಟಿಸುವುದು. ಈ ಬೀದಿಯಿಂದ ಆ ಬೀದಿಗೆ, ಆ ತಿರುವಿನಿಂದ ಈ ಓಣಿಗೆ. ಮಿಷನ್ನಿನಿಂದ ಬಿಡಿಸಿಕೊಂಡು ಬಂದವರ ಮೈಯಲ್ಲಿ ತ್ರಾಣ ಇರುವುದಿಲ್ಲ. ಗಾಡಿ ಕುಲುಕಿದರೆ ತಲೆ ಸುತ್ತುತ್ತದೆ, ಹೊಗೆಯ ವಾಸನೆ ಮೂಗಿಗೆ ಬಡಿದರೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಸ್ಟೇರಿಂಗಕ್ಕ ಗಾಡಿ ಓಡಿಸುತ್ತಿದ್ದುದು ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ನಡೆಯುವವಳ ಹಾಗೆ. ಮನೆಬಾಗಿಲಲ್ಲಿ ಚಕ್ರ ನಿಂತಿತೋ, ಕೀಲಿ ತಿರುಗಿತು, ಎಂಜಿನ್ ಬಂದ್. ಯಾರ ಮನೆಯ ಮುಂದೆಯೂ ಆಕೆಯ ಗಾಡಿ ನಿಂತುಕೊಂಡು ಹೊಗೆ ಉಗುಳಿದ್ದಿಲ್ಲ. ಆಕೆ ರಜೆ ಹಾಕಿದ ದಿನ ರೋಗಿಗಳು ಮುಖ ಸಿಂಡರಿಸಿಕೊಂಡೇ ಗಾಡಿ ಹತ್ತುತ್ತಿದ್ದರು.

ಇಂಥವಳ ಗಾಡಿಯಲ್ಲೇ ದೀಪ ಹತ್ತಿಕೊಳ್ಳಬೇಕೆ!

ಆಸ್ಪತ್ರೆಗೆ ಎರಡು ಹೊಸ ಡೀಸೆಲ್ ವ್ಯಾನುಗಳು ಒಟ್ಟಿಗೇ ಬಂದಿದ್ದವು. ಒಂದೇ ಕಂಪನಿ, ಒಂದೇ ಬಣ್ಣ, ಅವಳಿ ಮಕ್ಕಳ ಹಾಗೆ. ಒಂದು ಸ್ಟೇರಿಂಗಕ್ಕನಿಗೆ, ಇನ್ನೊಂದು ಹಾರ್ನಣ್ಣನಿಗೆ. ಹಾರ್ನಣ್ಣ ದಿನಾ ರಕ್ತದ ಮಾದರಿಗಳನ್ನು ತುಂಬಿಕೊಂಡು, ಹೆದ್ದಾರಿ ಹಿಡಿದು, ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೋಗಿಬರುವವನು. ಅವನಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೈ ಹಾರ್ನಿನ ಮೇಲೆ, ಇನ್ನೊಂದು ಕೈ ರೇಡಿಯೋದ ಮೇಲೆ. "ಸ್ಟೇರಿಂಗ್ ಹಿಡಿಯೋದು ಯಾವ ಕೈಲಿ ಮಾರಾಯ?" ಎಂದು ಸ್ಟೇರಿಂಗಕ್ಕ ಅವನನ್ನು ನಾಲ್ಕು ಜನರ ಮುಂದೆಯೇ ಕೇಳಿದ್ದಳು. ಅಂಥ ರಾಕ್ಷಸನ ಗಾಡಿ ಮಾತ್ರ ಒಂದು ದಿನವೂ ಕೆಮ್ಮಿದ್ದಿಲ್ಲ. ಸ್ಟೇರಿಂಗಕ್ಕನ ಗಾಡಿಯಲ್ಲಿ, ವೇಗ ತೋರಿಸುವ ಮುಳ್ಳಿನ ಪಕ್ಕ, ಚುಕ್ಕಿಗಳಿರುವ ಪುಟ್ಟ ಡಬ್ಬಿಯಂಥ ಹಳದಿ ದೀಪ ಮತ್ತೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಹೊಗೆಕೊಳವೆಯೊಳಗಿನ ಫಿಲ್ಟರು ಮಸಿಯಿಂದ ಕಟ್ಟಿಕೊಂಡಿದೆ ಎಂದು ಅದರ ಅರ್ಥ. ವರ್ಕ್‌ಶಾಪಿಗೆ ಕಳಿಸುವುದು, ಅವರು ಶುದ್ಧ ಮಾಡಿ ಕೊಡುವುದು, ಸ್ವಲ್ಪ ದಿನಕ್ಕೆ ಮತ್ತೆ ಅದೇ ರಾಗ.

"ಗಾಡೀಲೇ ದೋಷ ಇದೆ ಸಾರ್" ಎಂದು ಸ್ಟೇರಿಂಗಕ್ಕ ಶೆಡ್ಡಿನ ಮೇಲ್ವಿಚಾರಕರ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬೇಕಾದ್ರೆ ಅದಲುಬದಲು ಮಾಡಿ. ನನ್ನದು ಅವನಿಗೆ ಕೊಡಿ, ಅವನದು ನನಗೆ ಕೊಡಿ. ಯಾರ ಬಣ್ಣ ಬಯಲಾಗುತ್ತೆ ನೋಡೇಬಿಡೋಣ."

ಬಯಲಾಯಿತು. ದೀಪ ಉರಿಯುತ್ತಿದ್ದ ಗಾಡಿ ಹಾರ್ನಣ್ಣನ ಕೈಯಲ್ಲಿ ಒಮ್ಮೆ ಹೆದ್ದಾರಿ ಕಂಡು ಬರುವಷ್ಟರಲ್ಲಿ ದೀಪ ಆರಿಸಿಕೊಂಡು ತಣ್ಣಗಾಗಿತ್ತು. ಹಾರ್ನಣ್ಣನ ಕೈಯಲ್ಲಿ ನೆಟ್ಟಗಿದ್ದ ಗಾಡಿ ಸ್ಟೇರಿಂಗಕ್ಕನ ಕೈಗೆ ಬಂದು ಕೆಲವೇ ವಾರಗಳಲ್ಲಿ ಹಳದಿ ಕಣ್ಣು ಬಿಟ್ಟಿತು. ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಒಂದು ಮಧ್ಯಾಹ್ನ, ಒಳಗೆ ರೋಗಿಗಳು ಕೂತಿರುವಾಗಲೇ, ಏರು ರಸ್ತೆಯಲ್ಲಿ ಗಾಡಿ ಶಕ್ತಿಯೆಲ್ಲ ಸೋರಿಹೋದಂತೆ ತೆವಳತೊಡಗಿತು. ಹಿಂದಿನವರೆಲ್ಲ ಬೈದುಕೊಂಡು ದಾಟಿಹೋದರು. ಆಮೇಲೆ ವರ್ಕ್‌ಶಾಪಿನವರು ಶುದ್ಧ ಮಾಡಿ ಕೊಟ್ಟರು, ಮತ್ತೆ ಮೊನ್ನೆಯಿಂದ ಅದೇ ದೀಪ.

ಮೇಲ್ವಿಚಾರಕರು ಕೆಟ್ಟ ಮನುಷ್ಯರಲ್ಲ. ಕೂರಿಸಿ, ಚಹಾ ತರಿಸಿ, ಮೆಲ್ಲಗೇ ಹೇಳಿದರು. "ಅಕ್ಕಾ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದ್ರೆ ರಸ್ತೆ ಮಧ್ಯೆ ಗಾಡಿ ನಿಂತುಬಿಟ್ರೆ ಒಳಗಿರೋರ ಗತಿ ಏನು? ಸೋಮವಾರದಿಂದ ಈ ಗಾಡಿ ಬೇರೆಯವರು ಓಡಿಸ್ಲಿ. ನೀವು ಶೆಡ್ಡಲ್ಲಿ ಕೀಲಿ ಕೊಡೋ ಕಿಟಕೀಲಿ ಕೂತ್ಕೊಳ್ಳಿ. ನೆರಳಿದೆ, ಫ್ಯಾನಿದೆ."

ಫ್ಯಾನಂತೆ! ಸ್ಟೇರಿಂಗಕ್ಕ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಕೆ ಈ ಆಸ್ಪತ್ರೆಗೆ ಬಂದಿದ್ದು ನೆಲ ಒರೆಸಲು. ಗಂಡ ತೀರಿಕೊಂಡ ಮೇಲೆ ಮಗನನ್ನು ಕಟ್ಟಿಕೊಂಡು, ಊಟದ ಬಿಡುವಿನಲ್ಲಿ ಶೆಡ್ಡಿನ ಹಳೇ ಡ್ರೈವರೊಬ್ಬರನ್ನು ಕಾಡಿ ಬೇಡಿ ಗೇರು ಹಾಕಲು ಕಲಿತವಳು. ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು ಗೇಟು ದಾಟಿದಾಗ, ಅದೇ ಕಾರಿಡಾರಿನಲ್ಲಿ ಜೊತೆಗೆ ನೆಲ ಒರೆಸಿದ್ದ ಹೆಂಗಸರೆಲ್ಲ ಕಿಟಕಿಗಳಿಂದ ಇಣುಕಿ ನೋಡಿದ್ದರು. ಆ ಸೀಟನ್ನು ಬಿಟ್ಟು ಕಿಟಕಿಯ ಹಿಂದೆ ಕೂತು ಹಾರ್ನಣ್ಣನಂಥವನಿಗೆ ಕೀಲಿ ಎತ್ತಿಕೊಡುವುದಕ್ಕಿಂತ ಮನೆಯಲ್ಲೇ ಬಿದ್ದಿರುವುದು ವಾಸಿ ಎನಿಸಿತು.

ಮನೆಗೆ ಬಂದವಳು ಚಪ್ಪಲಿ ಬಿಟ್ಟ ರಭಸಕ್ಕೇ ಮಗ ಅಡುಗೆಮನೆಯಿಂದ ಇಣುಕಿ, ಏನೆಂದು ಕೇಳದೆ ಒಳಗೆ ಸರಿದುಕೊಂಡ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು ಅವನು, ಶಾಖ ಎಷ್ಟಿದೆ ಎಂದು ದೂರದಿಂದಲೇ ಅಂದಾಜು ಸಿಗುತ್ತದೆ. ಸಿಕ್ಕಿಹಾಕಿಕೊಂಡವಳು ಸೊಸೆ. ಆಸ್ಪತ್ರೆಯ ಗಾಡಿಗಳು ಹೋಗುವ ವರ್ಕ್‌ಶಾಪಿನಲ್ಲಿ ಡೀಸೆಲ್ ಗಾಡಿಗಳ ರಿಪೇರಿಯೆಲ್ಲ ಅವಳದೇ ಉಸ್ತುವಾರಿ. ಆಗಷ್ಟೇ ಬಂದು ಬಚ್ಚಲಲ್ಲಿ ಕೈಯ ಎಣ್ಣೆಮಸಿ ತಿಕ್ಕುತ್ತಿದ್ದಳು.

"ನಿನಗೆ ಗೊತ್ತಿತ್ತೇನೇ?"

"ಇವತ್ತು ಗೊತ್ತಾಯ್ತು ಅತ್ತೆ. ನಿಮ್ಮ ಸಾರ್ ಫೋನ್ ಮಾಡಿದ್ರು, ಗಾಡಿ ಹೇಗಿದೆ ಅಂತ ಕೇಳಿದ್ರು."

"ಏನಂದೆ?"

"ಸರಿಯಾಗೇ ಇದೆ ಅಂದೆ."

"ಅಂದ್ರೆ ನಾನು ಸರಿಯಿಲ್ಲ ಅಂದ ಹಾಗಾಯ್ತು!"

"ಹಾಗೆಲ್ಲಿ ಅಂದೆ? ಗಾಡಿ ಸರಿಯಾಗಿದೆ ಅಂದೆ, ಅಷ್ಟೇ."

"ಎರಡೂ ಒಂದೇ. ನನಗೇನು ಕಿವಿ ಕೇಳಲ್ವಾ?" ಸ್ಟೇರಿಂಗಕ್ಕನ ಮೂಗಿನ ತುದಿ ಕೆಂಪಾಯಿತು. "ನಿಮ್ಮ ವರ್ಕ್‌ಶಾಪಲ್ಲಿ ಗಾಡಿ ಮಾತು ಕೇಳೋರು ಈಗ ಯಾರಿದಾರೆ? ಒಂದು ವೈರ್ ಚುಚ್ಚೋದು, ಟೀವಿ ನೋಡ್ತಾ ಕೂರೋದು. ಅದೇನು ತೋರಿಸುತ್ತೋ ಅದೇ ವೇದವಾಕ್ಯ."

"ಅದರಲ್ಲಿ ಧಾರಾವಾಹಿ ಬರಲ್ಲ ಅತ್ತೆ. ಬರೋ ಹಾಗಿದ್ರೆ ನೀವೂ ಬಂದು ಕೂರ್ತಿದ್ರಿ."

ಅಡುಗೆಮನೆಯಲ್ಲಿ ಮಗ ನಗು ತಡೆಯಲು ಕೆಮ್ಮಿದ. ಸ್ಟೇರಿಂಗಕ್ಕ ಅತ್ತ ಒಂದು ನೋಟ ಎಸೆದಳು, ಕೆಮ್ಮು ನಿಂತಿತು. ಸೊಸೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು. ಬಾಯಿ ಜೋರಿದ್ದರೂ ಹುಡುಗಿಯ ಮುಖದಲ್ಲಿ ತಮಾಷೆ ಇರಲಿಲ್ಲ.

"ನಾಳೆ ನಾನು ನಿಮ್ಮ ಜೊತೆ ಗಾಡೀಲಿ ಬರ್ತೀನಿ. ಬೆಳಿಗ್ಗೆಯಿಂದ. ಸುಮ್ಮನೆ ಪಕ್ಕದಲ್ಲಿ ಕೂತಿರ್ತೀನಿ, ಒಂದು ಮಾತೂ ಆಡಲ್ಲ."

"ನೀನು ಮಾತಾಡದೆ ಇರೋದನ್ನ ನೋಡೋಕಾದ್ರೂ ಕರ್ಕೊಂಡು ಹೋಗ್ತೀನಿ" ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಸೊಸೆ, ಗಾಡಿಯೊಳಗೆ ನಡೆಯುವುದನ್ನು ತೋರಿಸುವ, ಪುಸ್ತಕದಷ್ಟಗಲದ ಪರದೆಯೊಂದನ್ನು ಸ್ಟೇರಿಂಗಿನ ಕೆಳಗೆಲ್ಲೋ ವೈರಿನಿಂದ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಮೊದಲು ಮೇಷ್ಟ್ರ ಮನೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಗಾಡಿ ಎಲ್ಲಿ ಎಷ್ಟು ಹೊತ್ತಿಗೆ ಬರಬೇಕೆಂದು ಗೇಟಿನಲ್ಲೇ ನಿಂತು ಲೆಕ್ಕ ಹಾಕುವವರು. ಆಮೇಲೆ ಟೈಲರಜ್ಜಿ. ಈಗ ಹೊಲಿಗೆ ಬಿಟ್ಟಿದ್ದರೂ ಎದುರಿಗೆ ಬಂದವರ ರವಿಕೆಯ ತೋಳು ಎಳೆದು ನೋಡದೆ ಬಿಡುವವರಲ್ಲ. ಆಮೇಲೆ ಇನ್ನೂ ಮೂರು ನಾಲ್ಕು ಮನೆ. ಪ್ರತಿ ಬಾಗಿಲಲ್ಲೂ ಚಕ್ರ ನಿಂತಿತು, ಎಂಜಿನ್ ಬಂದ್ ಆಯಿತು, ಸ್ಟೇರಿಂಗಕ್ಕ ಇಳಿದು ಕೈಹಿಡಿದು ಹತ್ತಿಸಿದಳು. ಸೊಸೆ ಕೊಟ್ಟ ಮಾತಿನಂತೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮಾರುಕಟ್ಟೆಯ ಹತ್ತಿರ ಕೆಂಪು ದೀಪಕ್ಕೆ ನಿಂತಾಗ ಸ್ಟೇರಿಂಗಕ್ಕ ತಟ್ಟನೆ ಕತ್ತು ಓರೆ ಮಾಡಿದಳು.

"ಕೇಳಿಸ್ತಾ?"

"ಏನು?"

"ಗೊಣಗಾಟ. ಈಗ ಶುರುವಾಯ್ತು ನೋಡು. ಮಾಮೂಲಿ ನಿಂತಿರೋವಾಗ ಇರೋ ದನಿಗಿಂತ ಒಂಚೂರು ಏರಿದೆ. ಪಾಪ, ಒಳಗೆಲ್ಲೋ ಕುದೀತಾ ಇದೆ." ಹಸಿರು ದೀಪ ಬೀಳುತ್ತಲೇ ಆಕೆ ಗಾಡಿಯನ್ನು ಮರದ ನೆರಳಿಗೆ ಒಯ್ದು ನಿಲ್ಲಿಸಿ ಎಂಜಿನ್ ಆರಿಸಿದಳು. ಎಂಜಿನ್ ನಿಂತ ಮೇಲೂ ಮುಂದಿನ ಫ್ಯಾನು ಗರಗರ ತಿರುಗುತ್ತಲೇ ಇತ್ತು. "ನೋಡಿದ್ಯಾ, ಎಷ್ಟು ಬಿಸಿಯಾಗಿದೆ ಅಂತ! ಸ್ವಲ್ಪ ಸುಧಾರಿಸಿಕೊಳ್ಲಿ. ಆ ಹಾರ್ನಣ್ಣನಿಗೆ ಇದೆಲ್ಲ ಎಲ್ಲಿ ಕೇಳಿಸ್ಬೇಕು, ಅವನ ರೇಡಿಯೋ ಗಲಾಟೇಲಿ? ಓಡಿಸ್ಕೊಂಡು ಓಡಿಸ್ಕೊಂಡು ಸಾಯಿಸ್ತಾನೆ."

ಸೊಸೆ ಪರದೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಸರಸರ ಏರತೊಡಗಿದ್ದ ಗೆರೆಯೊಂದು ಈಗ ಜಾರಿ ಕೆಳಗಿಳಿಯುತ್ತಿತ್ತು. ಅವಳು ಅತ್ತೆಯ ಕಡೆ ತಿರುಗಿ ಏನೋ ಹೇಳಹೊರಟವಳು ತುಟಿ ಕಚ್ಚಿಕೊಂಡಳು.

"ಪ್ರತಿ ಸಲ ಹೀಗೆ ಗೊಣಗಿದಾಗಲೂ ಆರಿಸಿಬಿಡ್ತೀರಾ ಅತ್ತೆ?"

"ಮತ್ತೆ? ನಾನೇನು ಕಟುಕಳಾ?"

ರೋಗಿಗಳನ್ನು ಒಳಗೆ ಬಿಟ್ಟು, ಇಬ್ಬರೂ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ನಡುವೆ ದೊಡ್ಡ ಗಾಜು. ಆಚೆ ಸಾಲಾಗಿ ಒರಗು ಕುರ್ಚಿಗಳು, ಪಕ್ಕದಲ್ಲಿ ಮಿಷನ್ನುಗಳು, ಕೊಳವೆಗಳಲ್ಲಿ ಹರಿಯುವ ಕೆಂಪು. ಟೈಲರಜ್ಜಿ ಕಣ್ಣು ಮುಚ್ಚಿದ್ದರು. ಮೇಷ್ಟ್ರು ಪತ್ರಿಕೆ ಓದುತ್ತಿದ್ದರು.

"ಬೈಬೇಡಿ, ಪೂರ್ತಿ ಕೇಳಿ" ಎಂದು ಸೊಸೆ ಶುರು ಮಾಡಿದಳು. "ಡೀಸೆಲ್ ಉರಿದಾಗ ಮಸಿ ಬರುತ್ತೆ. ಅದು ಊರ ಗಾಳಿಗೆ ಹೋಗಬಾರದು ಅಂತ ಹೊಗೆಕೊಳವೇಲಿ ಒಂದು ಫಿಲ್ಟರ್ ಇಟ್ಟಿರ್ತಾರೆ. ಜೇನುಗೂಡಿನ ಥರ ಸಣ್ಣ ಸಣ್ಣ ತೂತು. ಮಸಿಯೆಲ್ಲ ಅದು ಹಿಡಿದಿಟ್ಕೊಳ್ಳುತ್ತೆ. ಹಿಡಿದು ಹಿಡಿದು ತುಂಬಿದ ಮೇಲೆ ಅದನ್ನ ಸುಡಬೇಕು. ಸುಡೋಕೆ ಭಾರೀ ಶಾಖ ಬೇಕು, ಕಬ್ಬಿಣ ಕೆಂಪಾಗೋವಷ್ಟು. ಹೆದ್ದಾರೀಲಿ ಹೋಗೋ ಗಾಡಿಗೆ ಆ ಶಾಖ ತಾನಾಗೇ ಸಿಗುತ್ತೆ. ಹಾರ್ನಣ್ಣನಿಗೆ ಏನೂ ಗೊತ್ತಿಲ್ಲದೇ ಇದ್ರೂ ಗಾಡಿ ತನ್ನ ಪಾಡಿಗೆ ತಾನು ಶುದ್ಧ ಮಾಡ್ಕೊಂಡು ಬರುತ್ತೆ."

"ನನ್ನ ಗಾಡಿಗೆ?"

"ನಿಮ್ಮದು ಈ ಓಣಿಯಿಂದ ಆ ಓಣಿಗೆ. ಬಿಸಿಯೇರೋಷ್ಟರಲ್ಲಿ ಮನೆ ಬರುತ್ತೆ. ಅದಕ್ಕೆ ಗಾಡೀನೇ ಒಂದು ಉಪಾಯ ಮಾಡುತ್ತೆ. ಇನ್ನು ತಡೆಯೋಕಾಗಲ್ಲ ಅನ್ನಿಸಿದಾಗ, ಒಂಚೂರು ಡೀಸೆಲ್ ಜಾಸ್ತಿ ಬಿಟ್ಕೊಂಡು, ಬೇಕಂತಲೇ ಶಾಖ ಏರಿಸ್ಕೊಂಡು ಮಸಿ ಸುಡೋಕೆ ಶುರು ಮಾಡುತ್ತೆ. ಆವಾಗ ಎಂಜಿನ್ ದನಿ ಒಂಚೂರು ಏರುತ್ತೆ. ಫ್ಯಾನ್ ತಿರುಗುತ್ತೆ."

ಸ್ಟೇರಿಂಗಕ್ಕನ ಹುಬ್ಬು ಗಂಟಾಯಿತು. "ಗೊಣಗಾಟ."

"ಅದು ಗೊಣಗಾಟ ಅಲ್ಲ ಅತ್ತೆ. ಮೈ ತೊಳ್ಕೊಳ್ತಿದೆ. ಅದಕ್ಕೆ ಯಾವ ದೀಪವೂ ಬರಲ್ಲ, ಗಂಟೆಯೂ ಹೊಡೆಯಲ್ಲ. ನೂರು ಡ್ರೈವರಲ್ಲಿ ಒಬ್ಬರಿಗೂ ಅದು ಕೇಳಿಸಲ್ಲ. ಕೇಳಿಸದೇ ಇರೋದಕ್ಕೇ ಸುಮ್ಮನೆ ಓಡಿಸ್ತಾ ಇರ್ತಾರೆ, ಎಷ್ಟೋ ಸಲ ಅಷ್ಟರಲ್ಲಿ ಸುಡೋದೂ ಮುಗಿದುಹೋಗುತ್ತೆ. ನಿಮಗೆ ಕೇಳಿಸುತ್ತೆ." ಸೊಸೆ ತಲೆ ತಗ್ಗಿಸಿ ಹೇಳಿದಳು. "ಕೇಳಿಸಿದ ತಕ್ಷಣ ಆರಿಸ್ತೀರಿ. ಸುಡದೆ ಉಳಿದ ಮಸಿ ಅಲ್ಲೇ ಇರುತ್ತೆ, ಅದರ ಮೇಲೆ ಹೊಸದು ಕೂರುತ್ತೆ. ಮನೆಮನೆಗೂ ಆರಿಸೋದು ಬೇರೆ. ಅದಕ್ಕೆ ಒಂದು ಸಲವೂ ಪೂರ್ತಿ ಮಾಡೋಕೆ ಸಿಕ್ಕಿಲ್ಲ."

"ಏನು ಕಥೆ ಕಟ್ತೀಯೇ? ಗಾಡಿಗೆ ಕಷ್ಟ ಆಗ್ತಿದ್ರೆ ನಿಲ್ಲಿಸೋದು ತಪ್ಪಾ? ನಲವತ್ತು ಜನ ಡ್ರೈವರುಗಳ ಬಾಯಲ್ಲಿ ಹೊಗಳಿಸ್ಕೊಂಡ ಕಿವಿ ಇದು!"

ಸೊಸೆ ಗಾಜಿನ ಕಡೆ ಕೈ ತೋರಿಸಿದಳು. "ಅಲ್ಲಿ ನೋಡಿ. ಟೈಲರಜ್ಜಿ ಸುಸ್ತಾಗಿದಾರೆ. ಮುಖ ಬಾಡಿದೆ. ಸಿಸ್ಟರ್ ಬಂದು, ಅಯ್ಯೋ ಪಾಪ, ಅಜ್ಜಿಗೆ ಎಷ್ಟು ಕಷ್ಟ ಅಂತ ಮಿಷನ್ ಆಫ್ ಮಾಡಿ ಮನೆಗೆ ಕಳಿಸಿದ್ರೆ? ನಾಡಿದ್ದು ಬಂದಾಗ ಮತ್ತೆ ಸ್ವಲ್ಪ ಹೊತ್ತಿಗೇ ಆಫ್ ಮಾಡಿದ್ರೆ?"

"ಹುಚ್ಚು ಹಿಡಿದಿದ್ಯಾ ನಿನಗೆ! ಅಜ್ಜಿ ಉಳೀತಾರಾ?"

ಹೇಳಿ ಮುಗಿಸುವ ಮೊದಲೇ ಸ್ಟೇರಿಂಗಕ್ಕನ ಬಾಯಿ ತೆರೆದಂತೆಯೇ ನಿಂತಿತು. ಆಕೆ ಗಾಜಿನಾಚೆಯ ಕೊಳವೆಗಳನ್ನು ನೋಡಿದಳು. ಏರು ರಸ್ತೆಯಲ್ಲಿ ತೆವಳಿದ ಗಾಡಿ ನೆನಪಾಯಿತು. ಪ್ರತಿ ಸಲ ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡ್ ಸವರಿ "ಸುಧಾರಿಸ್ಕೋ" ಎಂದಿದ್ದು ನೆನಪಾಯಿತು. ಕರುಣೆಯಿಂದಲೇ ಕತ್ತು ಹಿಸುಕಿದೆನಲ್ಲ ಎಂದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅತ್ತೆ" ಎಂದಳು ಸೊಸೆ ದನಿ ತಗ್ಗಿಸಿ. "ಸಾರ್ ನನ್ನ ಮಾತನ್ನ ನಂಬ್ತಾರೆ. ಗಾಡಿ ಒಳಗೆ ಶಾಖ ಅಳೆಯೋ ಸೆನ್ಸರ್ ಅಂತ ಇರುತ್ತೆ. ಅದು ಕೆಟ್ಟಿತ್ತು, ಬದಲಾಯಿಸಿದೀನಿ ಅಂದುಬಿಡ್ತೀನಿ. ಇನ್ನು ಮೇಲೆ ನೀವು ಆರಿಸದೇ ಇದ್ರಾಯ್ತು. ಸೀಟೂ ಉಳಿಯುತ್ತೆ, ಯಾರಿಗೂ ಏನೂ ಗೊತ್ತಾಗಲ್ಲ."

ಸ್ಟೇರಿಂಗಕ್ಕ ನಿಧಾನವಾಗಿ ಅವಳ ಕಡೆ ತಿರುಗಿದಳು.

"ಕೆಟ್ಟಿತ್ತಾ?"

"ಇಲ್ಲ."

"ಮತ್ತೆ ಕೆಡದೇ ಇರೋದನ್ನ ಕೆಟ್ಟಿತ್ತು ಅಂತೀಯಾ? ನನಗೋಸ್ಕರ?" ಆಕೆಯ ದನಿ ಏರಿತು. ದಾದಿಯೊಬ್ಬಳು ತಿರುಗಿ ನೋಡಿದಳು. "ಗಂಡಸರೇ ತುಂಬಿರೋ ವರ್ಕ್‌ಶಾಪಲ್ಲಿ ನಿನ್ನ ಮಾತಿಗೆ ಬೆಲೆ ಬರೋಕೆ ನೀನೆಷ್ಟು 'ನಿನಗೇನಮ್ಮ ಗೊತ್ತಾಗುತ್ತೆ' ಅನ್ನಿಸ್ಕೊಂಡಿದ್ದೀಯ ಅಂತ ನನಗೆ ಗೊತ್ತಿಲ್ವಾ? ನಾನೂ ಅದೇ ದಾರೀಲಿ ಬಂದೋಳು ಕಣೇ. ಆ ಬೆಲೇನ ಸುಟ್ಟು ನನ್ನ ಸೀಟು ಉಳಿಸ್ತೀಯಾ? ಬೇಡ. ಕಿಟಕೀಲೇ ಕೂರ್ತೀನಿ. ಏಳು, ನಡಿ."

ಶೆಡ್ಡಿನಲ್ಲಿ ಡ್ರೈವರುಗಳು ಚಹಾ ಕುಡಿಯುವ ಹೊತ್ತು. ಹಾರ್ನಣ್ಣ ಬಾನೆಟ್ಟಿಗೆ ಒರಗಿ ಏನೋ ಜೋಕು ಹೊಡೆಯುತ್ತಿದ್ದ. ಸ್ಟೇರಿಂಗಕ್ಕ ನೆಟ್ಟಗೆ ನಡುವೆ ಬಂದು ನಿಂತಳು, ಮೇಲ್ವಿಚಾರಕರನ್ನು ಹೊರಗೆ ಕರೆದಳು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

"ಗಾಡೀಲಿ ದೋಷ ಇಲ್ಲ ಸಾರ್. ನನ್ನದೇ ತಪ್ಪು. ಅದು ಮಸಿ ಸುಡ್ತಾ ಇರೋವಾಗ ಮಧ್ಯದಲ್ಲೇ ಆರಿಸ್ತಿದ್ದೆ. ಕಷ್ಟಪಡ್ತಿದೆ ಅಂದ್ಕೊಂಡೆ. ನನ್ನ ಸೊಸೆ ಕಂಡುಹಿಡಿದಳು. ನಾನಾಗಿದ್ರೆ ಇನ್ನೂ ಹತ್ತು ವರ್ಷ ಗಾಡೀನೇ ಬೈಕೊಂಡಿರ್ತಿದ್ದೆ."

ಹಾರ್ನಣ್ಣನ ಕೈಯ ಚಹಾ ಲೋಟ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ಸ್ಟೇರಿಂಗಕ್ಕನ ಬಾಯಲ್ಲಿ 'ನನ್ನದೇ ತಪ್ಪು' ಎಂಬ ಮಾತನ್ನು ಆ ಶೆಡ್ಡಿನ ಗೋಡೆಗಳೂ ಕೇಳಿದ್ದಿಲ್ಲ. ಯಾರೂ ನಗಲಿಲ್ಲ. ತಲೆ ಎತ್ತಿಕೊಂಡು ತಪ್ಪು ಒಪ್ಪಿಕೊಳ್ಳುವವಳನ್ನು ನೋಡಿ ನಗುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಮೇಲ್ವಿಚಾರಕರು ಗಲ್ಲ ಕೆರೆದುಕೊಂಡರು. "ಒಪ್ಕೊಂಡಿದ್ದು ದೊಡ್ಡ ಮಾತು ಅಕ್ಕಾ. ಆದ್ರೆ ರೂಟು ಅದೇ ಅಲ್ವಾ? ಅದೇ ಓಣಿ, ಅದೇ ಮನೆಗಳು. ನೀವು ಆರಿಸದೇ ಇದ್ರೂ ಊರೊಳಗಿನ ನಿಂತು ನಿಂತು ಹೋಗೋ ಓಡಾಟದಲ್ಲಿ ಅದು ಪೂರ್ತಿಯಾಗುತ್ತಾ?"

"ಆಗಲ್ಲ" ಎಂದಳು ಸೊಸೆ. "ಈ ಥರದ ಗಾಡಿ ಈ ರೂಟಿಗೆ ಹೇಳಿ ಮಾಡಿಸಿದ್ದಲ್ಲ ಸಾರ್. ಮುಂದೆ ತಗೊಳ್ಳೋವಾಗ ಊರೊಳಗೆ ಕರೆಂಟಿನ ಗಾಡಿ ತಗೊಳ್ಳಿ. ಅಲ್ಲೀವರೆಗೆ, ಶುರುವಾದಾಗ ದೊಡ್ಡ ರಸ್ತೆಗೆ ತಗೊಂಡು ಹೋಗಿ ಒಂದೇ ಸಮ ಓಡಿಸಿದ್ರೆ ಸಾಕು. ಕಾಲು ಗಂಟೆ, ಇಪ್ಪತ್ತು ನಿಮಿಷ."

"ಶುರುವಾಗಿದ್ದು ಯಾರಿಗೆ ಗೊತ್ತಾಗುತ್ತೆ?"

"ಅತ್ತೆಗೆ."

ಮೇಲ್ವಿಚಾರಕರು ಇಬ್ಬರನ್ನೂ ನೋಡಿದರು. "ಸರಿ. ಇವತ್ತು ದೀಪ ಉರೀತಾನೇ ಇದೆ. ಮಧ್ಯಾಹ್ನ ನಾನೂ ಬರ್ತೀನಿ. ದೀಪ ಆರಿದ್ರೆ ಸೀಟು ನಿಮ್ಮದು. ಆರದಿದ್ರೆ ಸೋಮವಾರ ಕಿಟಕಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಮಧ್ಯಾಹ್ನ ತೀರ ಸುಸ್ತಾದ ಇಬ್ಬರನ್ನು ಮೊದಲು ಮನೆಗೆ ಮುಟ್ಟಿಸಿದ್ದಾಯಿತು. ಉಳಿದವರಿಗೆ ಸ್ಟೇರಿಂಗಕ್ಕ ತಿರುಗಿ ಕೂತು ವಿಷಯವನ್ನೆಲ್ಲ ಹೇಳಿದಳು, ಸೀಟಿನ ವಿಷಯವನ್ನೂ ಮುಚ್ಚಿಡಲಿಲ್ಲ. "ಸ್ವಲ್ಪ ಸುತ್ತಿ ಹೋಗಬೇಕಾಗ್ಬಹುದು. ಆಗಲ್ಲ ಅನ್ನೋರು ಈಗಲೇ ಹೇಳಿ, ಮನೆಗೆ ಬಿಟ್ಟು ಹೋಗ್ತೀನಿ."

"ನಮ್ಮನ್ನ ಇಳಿಸಿದ್ರೆ ನೋಡು!" ಎಂದು ಟೈಲರಜ್ಜಿ ಸೀಟಿನ ಕಂಬಿ ಹಿಡಿದುಕೊಂಡರು. ಮೇಷ್ಟ್ರು ಗಡಿಯಾರ ನೋಡಿಕೊಂಡರು.

ಗಾಡಿ ಹೊರಟಿತು. ಪಕ್ಕದಲ್ಲಿ ಪರದೆ ಹಿಡಿದ ಸೊಸೆ, ಹಿಂದೆ ಮೇಲ್ವಿಚಾರಕರು. ಮಾರುಕಟ್ಟೆ ದಾಟಿದರೂ ಏನಿಲ್ಲ, ಸೇತುವೆ ಇಳಿದರೂ ಏನಿಲ್ಲ. ಸ್ಟೇರಿಂಗಕ್ಕ ಎಂಜಿನ್ನಿಗೇ ಕಿವಿಗೊಟ್ಟು ಓಡಿಸುತ್ತಿದ್ದಳು. ಹೋಗಲಿ, ಇದೇ ಕೊನೆಯ ಸುತ್ತಾದರೆ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ದನಿ ಕೂದಲೆಳೆಯಷ್ಟು ಮೇಲೆದ್ದಿತು.

"ಬಂತು" ಎಂದಳು.

ಸೊಸೆ ಪರದೆ ನೋಡಿದಳು. ಏನೂ ಇರಲಿಲ್ಲ. ಮತ್ತೆ ನೋಡುವಷ್ಟರಲ್ಲಿ ಗೆರೆ ಮೇಲೇಳತೊಡಗಿತು. "ಹೌದು ಅತ್ತೆ, ಶುರು ಮಾಡಿದೆ!"

ಅಷ್ಟರಲ್ಲಿ ಸ್ಟೇರಿಂಗಕ್ಕನ ಕೈ ತಾನಾಗಿಯೇ ಕೀಲಿಯ ಕಡೆಗೆ ಹೊರಟಿತ್ತು. ಎಷ್ಟು ವರ್ಷಗಳ ಕೈ ಅದು! ಅರ್ಧ ದಾರಿಯಲ್ಲಿ ಅದನ್ನು ತಡೆದು ಗೇರಿನ ಮೇಲಿಟ್ಟಳು. ಹಸಿರು ಬಿತ್ತು. ಮನೆಗಳ ದಾರಿ ಎಡಕ್ಕೆ ಉಳಿಯಿತು, ಗಾಡಿ ಊರಾಚೆಯ ದೊಡ್ಡ ರಸ್ತೆ ಹಿಡಿಯಿತು.

"ನಾಲ್ಕನೇ ಗೇರಲ್ಲೇ ಇರಲಿ, ಐದು ಬೇಡ" ಎಂದಳು ಸೊಸೆ. "ಎಂಜಿನ್ ಸ್ವಲ್ಪ ದುಡೀಲಿ. ಜೋರಾಗಿ ಬೇಡ, ಒಂದೇ ಸಮ."

"ಒಂದೇ ಸಮ ಓಡಿಸೋದನ್ನ ನನಗೆ ಹೇಳ್ಕೊಡ್ತಾಳೆ" ಎಂದು ಅತ್ತೆ ಗೊಣಗಿದಳು. ಆದರೆ ನಾಲ್ಕರಲ್ಲೇ ಇಟ್ಟಳು.

ಎರಡೂ ಕಡೆ ಬಯಲು ತೆರೆದುಕೊಂಡಿತು. ದೂರದಲ್ಲಿ ಕೆರೆಯ ನೀರು ಹೊಳೆಯಿತು, ಯಾರೋ ಹುಲ್ಲಿನ ಹೊರೆ ಹೊತ್ತು ದಂಡೆಯ ಮೇಲೆ ಹೋಗುತ್ತಿದ್ದರು. ಹಿಂದೆ ಮಾತು ನಿಂತಿತು. ಸ್ಟೇರಿಂಗಕ್ಕ ಕನ್ನಡಿಯಲ್ಲಿ ನೋಡಿದಳು. ಎಲ್ಲರೂ ಕಿಟಕಿಗೆ ಮುಖವಿಟ್ಟಿದ್ದರು.

"ಈ ಕಡೆಗೆ ಬಂದು ಎಷ್ಟು ಕಾಲ ಆಯ್ತೋ" ಎಂದರು ಟೈಲರಜ್ಜಿ. "ಮನೆ, ಮಿಷನ್ನು. ಮಿಷನ್ನು, ಮನೆ. ಕೆರೆ ಇನ್ನೂ ಇದೆ ನೋಡಿ ಮೇಷ್ಟ್ರೇ, ನಾನು ಮುಚ್ಚಿಬಿಟ್ರೇನೋ ಅಂದ್ಕೊಂಡಿದ್ದೆ."

ಆಗ ಮೇಲ್ವಿಚಾರಕರ ಫೋನು ಬಡಿದುಕೊಂಡಿತು. "ಹೌದು ಸಾರ್, ಬಂದೆ ಸಾರ್" ಎಂದು ಇಟ್ಟು, ಮುಂದಕ್ಕೆ ಬಾಗಿದರು. "ಅಕ್ಕಾ, ಇಷ್ಟು ಸಾಕು. ಮುಂದಿನ ತಿರುವಲ್ಲಿ ವಾಪಸ್ ತಿರುಗಿಸಿ. ದೊಡ್ಡವರು ಮೀಟಿಂಗ್ ಕರೆದಿದಾರೆ, ನಾನಿರಬೇಕು."

ಸ್ಟೇರಿಂಗಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಅರ್ಧಕ್ಕಿಂತ ಜಾಸ್ತಿ ಆಗಿದೆ, ಮುಗಿದಿಲ್ಲ. ಹಳದಿ ದೀಪ ಉರಿಯುತ್ತಲೇ ಇತ್ತು. ತಿರುವು ಹತ್ತಿರ ಬಂತು. ಸೀಟು ಕೊಡುವವರೂ ಅವರೇ, ಕಿತ್ತುಕೊಳ್ಳುವವರೂ ಅವರೇ. ತಿರುವು ಬಂತು, ಹೋಯಿತು.

"ಆಗಲ್ಲ ಸಾರ್" ಎಂದಳು. "ನನ್ನನ್ನ ಸೀಟಿಂದ ಇಳಿಸೋದಾದ್ರೆ ನಾಳೆ ಇಳಿಸಿ. ಇವತ್ತು ಇದನ್ನ ಅರ್ಧಕ್ಕೆ ಬಿಡೋದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಮೇಲ್ವಿಚಾರಕರ ಕಡೆ ತಿರುಗಿದರು. "ನಾವು ಮಿಷನ್ನಿನ ಮೇಲಿರೋವಾಗ ಮೀಟಿಂಗ್ ಬಂದ್ರೆ ನಮ್ಮನ್ನೂ ಎಬ್ಬಿಸಿ ಕಳಿಸ್ತೀರಾ ಸಾರ್?"

ಮೇಲ್ವಿಚಾರಕರು ಮೇಷ್ಟ್ರ ಮುಂಗೈಯ ಮೇಲಿನ ಹತ್ತಿಪಟ್ಟಿಯನ್ನು ನೋಡಿದರು. ಫೋನಿನ ಸದ್ದು ಅಡಗಿಸಿ ಜೇಬಿನಲ್ಲಿಟ್ಟು ಹಿಂದಕ್ಕೆ ಒರಗಿದರು. "ಓಡಿಸಿ ಅಕ್ಕಾ" ಎಂದರು.

ಓಡಿಸಿದಳು. ಮೈಲಿ ಕಲ್ಲುಗಳು ಹಿಂದೆ ಹೋದವು. ಬಿಸಿ ಕಬ್ಬಿಣದ ಸಣ್ಣ ವಾಸನೆ ಬಂತು. ಇಷ್ಟು ದಿನ ಅದಕ್ಕೇ ಹೆದರುತ್ತಿದ್ದವಳು ಇಂದು ಅದನ್ನು ಆಸೆಯಿಂದ ಮೂಸಿದಳು. ಸುಡು ತಾಯಿ, ಪೂರ್ತಿ ಸುಡು ಎಂದು ಒಳಗೊಳಗೇ ಹೇಳಿಕೊಂಡಳು. ಹಾಗೇ ಹೋಗುತ್ತ ಹೋಗುತ್ತ, ಎಂಜಿನ್ನಿನ ದನಿಯಲ್ಲಿದ್ದ ಆ ಬಿಗಿ ಸಡಿಲವಾಯಿತು. ಕಾಲ ಕೆಳಗೆ ಗಾಡಿ ಹಗುರಾಯಿತು.

"ಮುಗೀತು" ಎಂದಳು ಸ್ಟೇರಿಂಗಕ್ಕ.

ಸೊಸೆ ಪರದೆಯನ್ನೇ ದಿಟ್ಟಿಸಿದಳು. ಒಂದು ಗಳಿಗೆ, ಎರಡು ಗಳಿಗೆ. ಹಳದಿ ದೀಪ ಪಕ್ಕನೆ ಆರಿತು. "ಮುಗೀತು ಅತ್ತೆ!" ಎಂದು ಅವಳು ಕೂಗಿದ ಕೂಗಿಗೆ ಟೈಲರಜ್ಜಿ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮೇಲ್ವಿಚಾರಕರು ಇಣುಕಿ, ದೀಪವಿದ್ದ ಜಾಗವನ್ನು ನೋಡಿ, ನಕ್ಕರು.

"ಕಿಟಕಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ. ಸೋಮವಾರ ಬೆಳಿಗ್ಗೆ ಈ ಗಾಡಿ ತಗೊಂಡು ನೀವೇ ಹೋಗಿ ಅಕ್ಕಾ."

ಸ್ಟೇರಿಂಗಕ್ಕನಿಗೆ ರಸ್ತೆ ಮಸುಕಾಯಿತು. ಕಣ್ಣು ತುಂಬಿಕೊಂಡು ಗಾಡಿ ಓಡಿಸುವುದು ಆಕೆಯ ಶಾಸ್ತ್ರದಲ್ಲಿರಲಿಲ್ಲ. ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಇಳಿದು, ಮುಂದಿನಿಂದ ಸುತ್ತಿ ಬಂದು, ಸೊಸೆಯ ಕಡೆಯ ಬಾಗಿಲು ತೆರೆದಳು. ಅಷ್ಟೂ ಜನ ನೋಡುತ್ತಿರುವಾಗಲೇ ಅವಳ ಎರಡೂ ಕೆನ್ನೆಗಳನ್ನು ಹಿಡಿದುಕೊಂಡಳು.

"ನಾನು ಗಾಡಿ ಹಿಡಿದಾಗಿನಿಂದ, ನೀನು ತಪ್ಪು ಓಡಿಸ್ತಿದ್ದೀಯ ಅಂತ ನನ್ನ ಮುಖ ನೋಡಿ ಹೇಳೋ ಧೈರ್ಯ ಒಬ್ಬ ಗಂಡಸಿಗೂ ಇರಲಿಲ್ಲ ಕಣೇ" ಎಂದಳು. "ನಿನಗೊಬ್ಬಳಿಗೇ ಇತ್ತು."

"ಕೈಕಾಲು ನಡುಗ್ತಿತ್ತು ಅತ್ತೆ" ಎಂದಳು ಸೊಸೆ, ನಗುತ್ತ ಅಳುತ್ತ.

"ನಡುಗಿಕೊಂಡೇ ಹೇಳಿದ್ಯಲ್ಲ ನನ್ನ ತಾಯಿ. ಅದಕ್ಕೇ ನೀನು ನನ್ನ ಮನೆಯೋಳು."

ಆಮೇಲೆ ಮೂಗು ಒರೆಸಿಕೊಂಡು, ತನ್ನ ಸೀಟಿಗೆ ಬಂದು ಕೂತು, ಮೇಷ್ಟ್ರನ್ನು ಮೊದಲು ಬಿಡಬೇಕೋ ಅಜ್ಜಿಯನ್ನೋ ಎಂದು ಕೇಳಿ, ಗಾಡಿಯನ್ನು ಊರ ಕಡೆಗೆ ತಿರುಗಿಸಿದಳು.